ಉಪ್ಪುಹಿಟ್ಟಿನ ಮೇಜು ನೋಡಿಕೊಂಡವರಿಗೆ

ಬೇಸಿಗೆ ಶಿಬಿರದ ಕರಕುಶಲ ತರಗತಿಯಲ್ಲಿ ಉಪ್ಪುಹಿಟ್ಟಿನ ಮೇಜು ನೋಡಿಕೊಂಡು, ಹೆಸರೂ ಹೇಳದೆ ಹೋದ ಸ್ವಯಂಸೇವಕರೇ, ನಿಮಗೆ ತುಂಬಾ ಧನ್ಯವಾದ.

ಉಪ್ಪುಹಿಟ್ಟು ಎಂದರೆ ಆಕೃತಿ ಮಾಡಿ ಒಣಗಿಸುವ ಹಿಟ್ಟು: 2 ಲೋಟ ಮೈದಾ, 1 ಲೋಟ ಪುಡಿ ಉಪ್ಪು, ಸುಮಾರು ಮುಕ್ಕಾಲು ಲೋಟ ನೀರು. ಅಳತೆ ಸುಲಭ, ಕೆಡುವುದು ನೀರು ಹಾಕುವಾಗ. ಒಮ್ಮೆಲೇ ಸುರಿದರೆ ಹಿಟ್ಟು ಕೈಗಂಟುತ್ತದೆ. ಮಕ್ಕಳು ಮೇಲೆ ಮೇಲೆ ಮೈದಾ ಉದುರಿಸುತ್ತಾರೆ, ಉಪ್ಪಿನ ಹದ ತಪ್ಪುತ್ತದೆ. ನೀವು ಚಮಚ ಚಮಚವಾಗಿ ನೀರು ಕೊಟ್ಟು ನಾದಿಸಿದಿರಿ. “ಕಿವಿ ಹಾಲೆ ಮುಟ್ಟಿ ನೋಡು, ಈಗ ಹಿಟ್ಟು ಮುಟ್ಟಿ ನೋಡು,” ಎಂದಿರಿ; ಎರಡೂ ಒಂದೇ ಥರ ಮೆತ್ತಗಿದ್ದರೆ ಹದ ಸರಿ. 7 ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಿಕ್ಕಿಲ್ಲ.

ಆಕೃತಿ ಅರ್ಧ ಸೆಂಟಿಮೀಟರಿಗಿಂತ ತುಂಬ ದಪ್ಪವಾದರೆ ಮೇಲೆ ಒಣಗಿ, ಒಳಗೆ ಹಸಿ ಉಳಿದು, ಬಿರುಕು ಬಿಡುತ್ತದೆ. ಅವಸರಕ್ಕೆ ಬಿಸಿಲಿಗಿಟ್ಟರೂ ಅದೇ ಗತಿ. ನೆರಳಲ್ಲಿ ಎರಡು ಮೂರು ದಿನ ಇಟ್ಟು, ದಿನಕ್ಕೊಮ್ಮೆಯಾದರೂ ಮಗುಚಬೇಕು. ಮಕ್ಕಳು ಮನೆಗೆ ಹೋದಮೇಲೆ ಆ ಕೆಲಸ ಮಾಡುತ್ತಿದ್ದವರು ನೀವೇ.

ಹಸಿಯಿದ್ದಾಗಲೇ ಅಡಿಭಾಗದಲ್ಲಿ ಕಡ್ಡಿಯಿಂದ ಹೆಸರು ಗೀಚಿಸಿದ್ದಿರಿ. ಕೊನೆಯ ದಿನ ಒಂದೇ ಥರದ 20 ಆಮೆಗಳಿದ್ದರೂ ಜಗಳವಾಗಲಿಲ್ಲ!

ಗೋಧಿ ಅಲರ್ಜಿಯಿದ್ದ ಮಗುವಿಗೆ, ಹಿಟ್ಟಿನ ಧೂಳು ತಾಗದಷ್ಟು ದೂರದ ಮೇಜಿನಲ್ಲಿ ಜೇಡಿಮಣ್ಣು ಇಟ್ಟಿದ್ದೂ ನೀವೇ. ಶಿಬಿರದ ಅರ್ಜಿಯಲ್ಲಿ ಅಲರ್ಜಿ ಬರೆದ ಸಾಲನ್ನು ಓದುವವರು ಅಪರೂಪ.