ಒಣಗಿತೆಂದು ಬರೆದೆಯಲ್ಲ

ಚಿ. ಸೌ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನಗೆ ಫೋನಿನಲ್ಲಿ ತಿಳಿಯುತ್ತಲೇ ಇರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ ಸೇರಿಸಿದ ಒಂದು ಸಾಲು ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ: 'ನನ್ನೊಳಗೆ ಬರೆಯುವಂಥದ್ದು ಏನಿತ್ತೋ ಅದು ಒಣಗಿಹೋಗಿದೆ, ಅತ್ತೆ.' 42ಕ್ಕೆ ಈ ಮಾತು. ಓದಿದಾಗ ನನ್ನದೇ ಹಳೆಯ ಧ್ವನಿ ಕೇಳಿದಂತಾಯಿತು. ಬಹುಶಃ ಅದಕ್ಕೇ ಹೆದರಿದೆ.

ನನ್ನ ಕಪಾಟಿನಲ್ಲಿ ಪೆನೆಲೊಪಿ ಫಿಟ್ಜೆರಾಲ್ಡ್ ಎಂಬ ಇಂಗ್ಲಿಷ್ ಲೇಖಕಿಯ ಪುಸ್ತಕಗಳನ್ನು ನೀನು ನೋಡಿದ್ದೀಯೆ. 1916ರಲ್ಲಿ ಹುಟ್ಟಿದವಳು, 'ಪಂಚ್' ಎಂಬ ಹಾಸ್ಯಪತ್ರಿಕೆಯ ಸಂಪಾದಕರ ಮಗಳು. 1938ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಥಮ ದರ್ಜೆಯಲ್ಲಿ ಹೊರಬಂದಾಗ ಇವಳು ದೊಡ್ಡ ಲೇಖಕಿಯಾಗುವಳೆಂದು ಸುತ್ತಲಿನವರು ನಂಬಿದ್ದರು. ಮೊದಲ ಪುಸ್ತಕ ಬಂದದ್ದು 1975ರಲ್ಲಿ, 58ನೆಯ ವಯಸ್ಸಿನಲ್ಲಿ. ಅದು ಬರ್ನ್-ಜೋನ್ಸ್ ಎಂಬ ಚಿತ್ರಕಾರನ ಜೀವನಚರಿತ್ರೆ. ನಡುವಿನ ವರ್ಷಗಳಲ್ಲಿ ಯುದ್ಧಕಾಲದ ಬಿಬಿಸಿಯ ಕೆಲಸ, ಮೂವರು ಮಕ್ಕಳು, ಕುಡಿತಕ್ಕೆ ಬಿದ್ದು ವಕೀಲಿಕೆಯನ್ನೂ ಕಳೆದುಕೊಂಡ ಗಂಡ, ಬಾಡಿಗೆ ಕೊಡಲಾಗದೆ ಥೇಮ್ಸ್ ನದಿಯ ಹಳೆಯ ದೋಣಿಯೊಂದರಲ್ಲಿ ಸಂಸಾರ. 1963ರಲ್ಲಿ ಆ ದೋಣಿಯೂ ಸಾಮಾನುಗಳ ಸಮೇತ ಮುಳುಗಿತು. ತಡವಾಗಿ ಬಂದುದಕ್ಕೆ ಕ್ಷಮಿಸಿ, ನನ್ನ ಮನೆ ಮುಳುಗಿತು ಎಂದು ಆಕೆ ತಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿ ಹೇಳಿದಳೆಂಬ ಮಾತು ಪ್ರಸಿದ್ಧ. ಬರೆಯಲು ಸಿಕ್ಕಿದ್ದು ಬಿಡುವಿನ ಪೀರಿಯಡ್‌ಗಳು, ಗದ್ದಲದ ಸ್ಟಾಫ್ ರೂಮು. ಆ ಸ್ಟಾಫ್ ರೂಮು ನನಗೆ ಚೆನ್ನಾಗಿ ಗೊತ್ತು. ಅಲ್ಲಿ ನಾನು ಮಾಡಿದ್ದು ಉತ್ತರಪತ್ರಿಕೆ ತಿದ್ದುವುದು, ಚಹಾ ಕುಡಿಯುವುದು, ಅಷ್ಟೆ.

ನೋಡು, ಆಕೆ 58ಕ್ಕೆ ಶುರುಮಾಡಿದಳು, ನಿನಗಿನ್ನೂ 16 ವರ್ಷವಿದೆ ಎಂದು ಹೇಳಿ ಈ ಪತ್ರವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಅದು ಮೋಸವಾಗುತ್ತದೆ. ಇದೇ ಲೆಕ್ಕವನ್ನು ನನಗೆ ನಾನೇ ಹೇಳಿಕೊಂಡು ಇಪ್ಪತ್ತು ವರ್ಷ ಕಳೆದವಳು ನಾನು. ಊರಿನ ಹೆಂಗಸರಿಗೆಲ್ಲ ಕಾಗದ ಬರೆದುಕೊಡುತ್ತಿದ್ದ ನಮ್ಮ ದೊಡ್ಡತ್ತೆಯ ಜೀವನವನ್ನು ಬರೆಯಬೇಕೆಂದಿದ್ದೆ. ಅವರ ಕಥೆ ನಿನಗೆ ಗೊತ್ತೇ ಇದೆ. ನಿವೃತ್ತಿಯಾಗಲಿ ಎಂದೆ. ನಿವೃತ್ತಿಯೂ ಆಯಿತು, ಕೈಗೆ ಪೆನ್ನೂ ಬಂತು. ಅವರು ಕಾಗದ ಬರೆದುಕೊಟ್ಟಿದ್ದ ಹೆಂಗಸರಲ್ಲಿ ಒಬ್ಬರೂ ಉಳಿದಿರಲಿಲ್ಲ. ನನ್ನೊಳಗಿನದು ಒಣಗಿದೆಯೇ ಎಂದು ಪ್ರತಿವರ್ಷ ಮುಟ್ಟಿ ನೋಡಿಕೊಳ್ಳುತ್ತ ಕೂತವಳು ಹೊರಗೆ ಬತ್ತುತ್ತಿದ್ದುದನ್ನು ನೋಡಲೇ ಇಲ್ಲ.

ಫಿಟ್ಜೆರಾಲ್ಡ್ ಹಾಗೆ ಕೂರಲಿಲ್ಲ. ತಂದೆ 1971ರಲ್ಲಿ ತೀರಿಕೊಂಡರು. 1977ರಲ್ಲಿ ತಂದೆ ಮತ್ತು ಮೂವರು ಚಿಕ್ಕಪ್ಪಂದಿರ ಜೀವನಚರಿತ್ರೆಯಾದ 'ದಿ ನಾಕ್ಸ್ ಬ್ರದರ್ಸ್' ಬಂತು. ಒಬ್ಬ ಚಿಕ್ಕಪ್ಪ ಜರ್ಮನರ ಗೂಢಲಿಪಿ ಒಡೆದವರು, ಇನ್ನೊಬ್ಬರು ಬೈಬಲ್ ಅನುವಾದಿಸಿದ ಪಾದ್ರಿ. ಅದೇ ವರ್ಷ, ಕಾಯಿಲೆ ಬಿದ್ದ ಗಂಡನ ಮನಸ್ಸಿಗೆ ಸಂತೋಷವಾಗಲೆಂದು ಬರೆದ ಮೊದಲ ಕಾದಂಬರಿಯೂ ಪ್ರಕಟವಾಯಿತು; ಆ ವೇಳೆಗೆ ಅವನಿರಲಿಲ್ಲ. ಹಿಂದೆ ಸೌತ್‌ವೋಲ್ಡ್ ಎಂಬ ಊರಿನ ಪುಸ್ತಕದಂಗಡಿಯಲ್ಲಿ ದುಡಿದದ್ದು 1978ರ 'ದಿ ಬುಕ್‌ಶಾಪ್' ಆಯಿತು. ಮುಳುಗಿದ ದೋಣಿ 1979ರ 'ಆಫ್‌ಶೋರ್' ಆಗಿ ಬುಕರ್ ಪ್ರಶಸ್ತಿ ತಂದಿತು. ಕಷ್ಟಪಟ್ಟವರಿಗೆಲ್ಲ ಹೀಗಾಗುತ್ತದೆಂದು ನಾನು ಹೇಳಲಾರೆ, ಬಡತನವನ್ನು ಹೊಗಳಲೂ ಆರೆ. ಒಣಗಿದಂತೆ ಕಂಡ ಆ ವರ್ಷಗಳಲ್ಲಿ ಆಕೆಯ ಕಣ್ಣು ಮುಚ್ಚಿರಲಿಲ್ಲ ಎಂಬುದನ್ನಷ್ಟೇ ಹೇಳಬಲ್ಲೆ.

ನಿನ್ನ ಭಯ ಸುಳ್ಳೆಂದೂ ಹೇಳುವುದಿಲ್ಲ. 1984ರಲ್ಲಿ ಆಕೆ ಶಾರ್ಲೆಟ್ ಮ್ಯೂ ಎಂಬ ಕವಯಿತ್ರಿಯ ಜೀವನಚರಿತ್ರೆ ಬರೆದಳು. ಬದುಕಿದ್ದಾಗ ಒಂದೇ ಕವನಸಂಕಲನ ತಂದು, 1928ರಲ್ಲಿ ತಾನೇ ಪ್ರಾಣ ತೆಗೆದುಕೊಂಡವಳು ಮ್ಯೂ. ಅಷ್ಟು ಕಡಿಮೆ ಬರೆದವಳ ಬಗ್ಗೆ ಒಂದು ಪುಸ್ತಕವನ್ನೇ ಬರೆಯಬೇಕೆನ್ನಿಸಿತಲ್ಲ! ಒಣಗುವ ಭಯ ಆಕೆಗೂ ತಿಳಿದಿತ್ತೆಂದು ನನ್ನ ಊಹೆ. ಕೊನೆಯ ಕಾದಂಬರಿ 'ದಿ ಬ್ಲೂ ಫ್ಲವರ್' 1995ರಲ್ಲಿ, 78ನೆಯ ವಯಸ್ಸಿನಲ್ಲಿ ಬಂತು. ನಾನು ಮೂರು ಸಲ ಓದಿದ್ದೇನೆ, ಮೂರು ಸಲವೂ ಅಸೂಯೆಪಟ್ಟಿದ್ದೇನೆ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ, ಬ್ಯಾಂಕಿನಿಂದ ಬಂದ ಮೇಲೆ ಕಾದಂಬರಿ ಬರೆಯಬೇಕೆಂದು ಹಟ ಹಿಡಿಯಬೇಡ. ಆ ದಿನ ಕೌಂಟರಿಗೆ ಬಂದವರು ಆಡಿದ ಒಂದು ಮಾತನ್ನು ಬರೆದಿಡು, ಸಾಕು. ಇದು ಕೆಲಸಕ್ಕೆ ಬಾರದೆ ಇರಬಹುದು, ನಾನು ಮಾಡಿ ನೋಡಿದವಳಲ್ಲ. ದೊಡ್ಡತ್ತೆಯ ಮಾತುಗಳನ್ನು ಗುರುತು ಹಾಕಿಕೊಂಡ ನನ್ನ ನೋಟ್‌ಬುಕ್ಕನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಹನ್ನೊಂದು ಪುಟವಿದೆ, ಪೆನ್ಸಿಲ್ ಮಾಸಿದೆ; ನಿನಗೆ ಬೇಡವಾದರೆ ಇಟ್ಟುಕೊಂಡಿರು. ಅವರನ್ನು ಕಂಡವರಲ್ಲಿ ಈಗ ಉಳಿದಿರುವುದು ಹುಣಸೂರಿನ ಚಿಕ್ಕಪ್ಪ ಒಬ್ಬರೇ. ಫೋನ್ ಮಾಡುವುದಾದರೆ ಮಧ್ಯಾಹ್ನದ ಮೇಲೆ ಮಾಡು. ಬೆಳಗಿನ ಹೊತ್ತು ಅವರು ಕಿವಿಯ ಯಂತ್ರ ಹಾಕಿಕೊಂಡಿರುವುದಿಲ್ಲ.

ನಿನ್ನ ಅತ್ತೆ