ಚಿರತೆ ಇದೆ, ಎಚ್ಚರಿಕೆ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಕಳಿಸಿದ ಮೆಸೇಜು ನೋಡಿ ನಿದ್ದೆ ಹಾರಿಹೋಯ್ತು. ‘ಮಗಳ ಜೊತೆ ಕೂತು ಹಿಚ್‌ಹೈಕರ್ಸ್ ಗೈಡ್ ಸಿನಿಮಾ ನೋಡ್ದೆ ಕಣೋ, ಚೆನ್ನಾಗೇ ಇದೆಯಲ್ಲೋ! ಆವತ್ತು ನಾವು ಯಾಕೆ ಅಷ್ಟು ಕೂಗಾಡಿದ್ದು?’ ಅಂತ. ಮೊದಲು ಆ ‘ನಾವು’ ಅನ್ನೋದನ್ನ ತಿದ್ದಿಕೋ. ಕೂಗಾಡಿದ್ದು ನಾನು. ನೀನು ನಡುವೆ ಎದ್ದು ಹೋಗಿ, ಆಮ್ಲೆಟ್ ತಿಂದು ಬಂದು, ಕೊನೇ ಹತ್ತು ನಿಮಿಷ ನೋಡಿ ‘ಪರವಾಗಿಲ್ಲ ಬಿಡೋ’ ಅಂದಿದ್ದೆ. ಆ ಒಂದು ಮಾತಿಗೆ ನಿನ್ನ ಹತ್ರ ಎರಡು ದಿನ ಮಾತು ಬಿಟ್ಟಿದ್ದೆ, ಮರೆತ್ಯಾ?

ಇದು ಮೆಸೇಜಲ್ಲಿ ಮುಗಿಯೋ ಮಾತಲ್ಲ, ಅದಕ್ಕೇ ಪತ್ರ. ಆ ಸಿನಿಮಾಕ್ಕೆ ಮೂಲವಾದ, ಡಗ್ಲಾಸ್ ಆಡಮ್ಸ್ ಬರೆದ ಬಾಹ್ಯಾಕಾಶದ ಹಾಸ್ಯ ಕಾದಂಬರಿಯ ಹುಚ್ಚು ಹಿಡಿದವರು ನಾವಿಬ್ಬರೇ ಅಲ್ಲವಲ್ಲ, ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದೀನಿ.

ಹಾಸ್ಟೆಲಲ್ಲಿ ಚಿಲಕ ಕೆಟ್ಟುಹೋದ ಮೂರನೇ ಬಾತ್‌ರೂಮು ನೆನಪಿದೆಯಾ? ಅದರ ಬಾಗಿಲಿಗೆ ನೀನೇ ರಟ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಲ್ಲಿ ‘ಚಿರತೆ ಇದೆ, ಎಚ್ಚರಿಕೆ’ ಅಂತ ಬರೆದು ಅಂಟಿಸಿದ್ದೆ. ಮನೆ ಗೇಟಲ್ಲಿ ‘ನಾಯಿ ಇದೆ, ಎಚ್ಚರಿಕೆ’ ಅಂತ ಇರತ್ತಲ್ಲ, ಹಾಗೆ. ಅದು ಪುಸ್ತಕದ ಮೊದಲನೇ ಅಧ್ಯಾಯದ ಜೋಕು. ಆರ್ಥರ್ ಡೆಂಟ್ ಅನ್ನೋ ಪಾಪದ ಮನುಷ್ಯ ಬೆಳಿಗ್ಗೆ ಏಳ್ತಾನೆ, ಬೈಪಾಸ್ ರಸ್ತೆಗೆ ಅಂತ ಅವನ ಮನೆ ಕೆಡವೋಕೆ ಬುಲ್ಡೋಜರ್ ಬಂದು ನಿಂತಿದೆ. ಅದರ ಮುಂದೆ ಕೆಸರಲ್ಲೇ ಮಲಗಿಬಿಡ್ತಾನೆ. ನಕ್ಷೆ ಒಂಬತ್ತು ತಿಂಗಳಿಂದ ಸಾರ್ವಜನಿಕರ ಗಮನಕ್ಕೆ ಇಟ್ಟಿತ್ತಲ್ಲ ಸ್ವಾಮಿ, ಅಂತಾನೆ ಅಧಿಕಾರಿ. ಎಲ್ಲಿಟ್ಟಿತ್ತು? ನೆಲಮಾಳಿಗೆಯಲ್ಲಿ. ಅಲ್ಲಿ ದೀಪ ಇಲ್ಲ, ಮೆಟ್ಟಿಲೂ ಇಲ್ಲ. ಆ ನೆಲಮಾಳಿಗೆಯಲ್ಲಿ ಯಾರೂ ಬಳಸದ ಒಂದು ಕಕ್ಕಸು, ಅದರೊಳಗೆ ಬೀಗ ಹಾಕಿದ ಒಂದು ಬೀರು, ಬೀರುವಿನ ತಳದಲ್ಲಿ ನೋಟಿಸು. ಕಕ್ಕಸಿನ ಬಾಗಿಲ ಮೇಲೆ ಚಿರತೆ ಇದೆ ಅನ್ನೋ ಬೋರ್ಡು.

ಪಹಣಿ, ಖಾತೆ ಅಂತ ಕಚೇರಿ ಸುತ್ತಿದ ಯಾವ ಕನ್ನಡಿಗನಿಗೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನನಗಂತೂ ಆ ಇಂಗ್ಲಿಷ್ ಹಳ್ಳಿ ನಮ್ಮ ತಾಲ್ಲೂಕಿನ ಪಕ್ಕದಲ್ಲೇ ಇದ್ದ ಹಾಗೆ ಅನ್ನಿಸಿತ್ತು.

ಸಿನಿಮಾದಲ್ಲಿ ಆ ದೃಶ್ಯ ಇದೆ. ಬುಲ್ಡೋಜರ್ ಇದೆ, ನೆಲಮಾಳಿಗೆಗೆ ಇಳಿದಿದ್ದೆ ಅನ್ನೋ ಮಾತೂ ಇದೆ. ಅಷ್ಟಕ್ಕೇ ಕತ್ತರಿ. ಬೀರು ಇಲ್ಲ, ಕಕ್ಕಸು ಇಲ್ಲ, ಚಿರತೆ ಇಲ್ಲ. ಒಗ್ಗರಣೆಗೆ ಎಣ್ಣೆ ಕಾಯಿಸಿ ಸಾಸಿವೆ ಹಾಕೋ ಹೊತ್ತಿಗೆ ಒಲೆ ಆರಿಸಿದ ಹಾಗೆ. ಅದಾಗಿ ಸ್ವಲ್ಪ ಹೊತ್ತಿಗೆ ವೋಗಾನ್ ಅನ್ನೋ ಅನ್ಯಗ್ರಹದ ಅಧಿಕಾರಿಗಳು ಬಂದು ಇಡೀ ಭೂಮಿಯನ್ನೇ ಕೆಡವ್ತಾರಲ್ಲ, ಅವರು ಹೇಳೋದೂ ಇದೇ ಮಾತು: ನಕ್ಷೆ ಆಲ್ಫಾ ಸೆಂಟಾರಿ ಅನ್ನೋ ನಕ್ಷತ್ರದ ಕಚೇರಿಯಲ್ಲಿ 50 ವರ್ಷದಿಂದ ಇತ್ತಲ್ಲ, ನೋಡ್ಕೋಬಾರದಾಗಿತ್ತಾ? ಊರಿನ ಕಚೇರಿ ಆರ್ಥರನಿಗೆ ಮಾಡಿದ್ದನ್ನೇ ಬ್ರಹ್ಮಾಂಡದ ಕಚೇರಿ ಭೂಮಿಗೆ ಮಾಡತ್ತೆ. ಒಂದಕ್ಕೊಂದು ಜೋಡಿ ಜೋಕು ಅದು. ಸಿನಿಮಾದವರು ಎರಡನೇದನ್ನ ಉಳಿಸಿಕೊಂಡು ಮೊದಲನೇದರ ಬಾಲ ಕತ್ತರಿಸಿದರು. ನಾನು ಕೂಗಾಡಿದ್ದು ಇದಕ್ಕೆ ಕಣೋ, ಕಥೆ ಬದಲಾಯಿಸಿದ್ದಕ್ಕಲ್ಲ.

ಕಥೆ ಬದಲಾಯ್ತು ಅಂತ ಅತ್ತವರ ಬಗ್ಗೆ ನನಗೆ ಆಗಲೂ ಕನಿಕರ ಇರಲಿಲ್ಲ. ಡಗ್ಲಾಸ್ ಆಡಮ್ಸ್ ಯಾವತ್ತು ಆ ಕಥೆಯನ್ನ ಎರಡು ಸಲ ಒಂದೇ ಥರ ಹೇಳಿದ್ದ? 1978ರಲ್ಲಿ ಬಿಬಿಸಿ ರೇಡಿಯೋ ನಾಟಕವಾಗಿ ಶುರುವಾಯ್ತು. 1979ರಲ್ಲಿ ಕಾದಂಬರಿ, 1981ರಲ್ಲಿ ಟಿವಿ ಧಾರಾವಾಹಿ, 1984ರಲ್ಲಿ ಕಂಪ್ಯೂಟರ್ ಆಟ. ಪ್ರತಿ ಸಲವೂ ಹಿಂದಿನದಕ್ಕೆ ತಾಳೆಯಾಗದ ಹಾಗೆ ಬರೆದ. ಹರಿಕಥೆ ದಾಸರು ಊರಿಂದೂರಿಗೆ ಉಪಕಥೆ ಬದಲಾಯಿಸ್ತಾರಲ್ಲ, ಆ ಜಾತಿ. ಹಾಗಿರುವಾಗ ‘ಮೂಲಕ್ಕೆ ನಿಷ್ಠೆ’ ಅಂದರೆ ಯಾವ ಮೂಲಕ್ಕೆ?

ಇದರಲ್ಲೊಂದು ತಮಾಷೆ ಕೇಳು. ಜಾನ್ ಮಾಲ್ಕೋವಿಚ್ ಮಾಡಿದ ಹುಮ್ಮಾ ಕವುಲಾ ಅನ್ನೋ ಪಾತ್ರ ಇದೆಯಲ್ಲ, ಆಕ್ಷೀ ಅಂತ ಬರೋ ಸೀನನ್ನ ಪೂಜಿಸೋ ಮಠದ ಗುರು? ಗುಂಡು ಹೊಡೆದರೆ ಎದುರಿನವನಿಗೆ ನಮ್ಮ ಮನಸ್ಸಿನ ಮಾತು ತಿಳಿಯೋ ಆ ಬಂದೂಕು? ‘ಇವೆಲ್ಲ ಹಾಲಿವುಡ್‌ನವರು ತುರುಕಿದ್ದು’ ಅಂತ ನಾನು ಮೇಜು ಕುಟ್ಟಿ ಹೇಳಿದ್ದೆ. ಆಮೇಲೆ ಓದಿದೆ, ಎರಡೂ ಆಡಮ್ಸನೇ ಸಿನಿಮಾಕ್ಕೆ ಅಂತ ಬರೆದದ್ದು. ಮುಖ ಎಲ್ಲಿಟ್ಟುಕೊಳ್ಳಲಿ?

ಪಾಪ, ಅವನು ಅದನ್ನ ನೋಡಲಿಲ್ಲ. 1982ರಲ್ಲೇ ಸಿನಿಮಾ ಹಕ್ಕು ಮಾರಿದ್ದ. ಈಗ ಆಗತ್ತೆ, ಆಗ ಆಗತ್ತೆ ಅಂತ ಕಾದು, ಕೊನೆಗೆ ಅದಕ್ಕೋಸ್ಕರವೇ ಕ್ಯಾಲಿಫೋರ್ನಿಯಾಕ್ಕೆ ಸಂಸಾರ ಸಮೇತ ಹೋಗಿ ಕೂತ. 2001ರ ಮೇ 11ರಂದು ಜಿಮ್‌ನಲ್ಲಿ ಹೃದಯಾಘಾತ. ವಯಸ್ಸು 49. ಚಿತ್ರಕಥೆಯನ್ನ ಮುಗಿಸಿದ್ದು ಕ್ಯಾರಿ ಕರ್ಕ್‌ಪ್ಯಾಟ್ರಿಕ್. ನಿರ್ದೇಶಕ ಗಾರ್ತ್ ಜೆನ್ನಿಂಗ್ಸ್‌ಗೆ ಅದು ಮೊದಲ ಸಿನಿಮಾ, ಅದಕ್ಕೆ ಮುಂಚೆ ಹಾಡುಗಳ ವಿಡಿಯೋ ಮಾಡ್ತಿದ್ದವನು. 2005ರ ಏಪ್ರಿಲ್ ಕೊನೆಗೆ ತೆರೆಗೆ ಬಂತು.

ಬಂದ ಮೇಲೆ ಅಭಿಮಾನಿಗಳಲ್ಲಿ ಮನೆಯೊಂದು ಮೂರು ಬಾಗಿಲು. ಆಡಮ್ಸನ ಜೀವನಚರಿತ್ರೆ ಬರೆದ ಎಂ. ಜೆ. ಸಿಂಪ್ಸನ್ ಬಿಡುಗಡೆಗೆ ಮುಂಚೆಯೇ ನೋಡಿ, ಮಾರುದ್ದದ ವಿಮರ್ಶೆ ಬರೆದು, ಯಾವ್ಯಾವ ಜೋಕು ಹಾಳಾಗಿದೆ ಅಂತ ಸತ್ತವರ ಪಟ್ಟಿ ಹಾಕಿದ ಹಾಗೆ ಹಾಕಿಬಿಟ್ಟ. ಇನ್ನು ಕೆಲವರು ಡಾಲ್ಫಿನ್‌ಗಳು ಮನುಷ್ಯರಿಗೆ ವಿದಾಯ ಹೇಳೋ ಮೊದಲ ಹಾಡಿಗೇ ಸೋತು, ಮಿಕ್ಕಿದ್ದೆಲ್ಲ ಮಾಫಿ ಅಂದರು. ಅಮೆರಿಕದಲ್ಲಿ ಮೊದಲ ವಾರಾಂತ್ಯ ಗಳಿಕೆಯಲ್ಲಿ ಅದೇ ಮುಂದಿತ್ತು. ಆದರೂ ಎರಡನೇ ಭಾಗ ಬರಲಿಲ್ಲ.

ಜಾಫೋಡ್ ಅನ್ನೋ ಎರಡು ತಲೆಯ ಪಾತ್ರ ಇದೆಯಲ್ಲ, ಅವನ ಎರಡನೇ ತಲೆ ಗದ್ದದ ಕೆಳಗಿಂದ ಪುಳಕ್ಕನೆ ಮೇಲೆದ್ದು ಬರೋದು ನನಗೆ ಇವತ್ತಿಗೂ ಸೇರಲ್ಲ. ಆರ್ಥರ್ ಮತ್ತೆ ಟ್ರಿಲಿಯನ್ ಪ್ರೇಮಪ್ರಕರಣವೂ ಅಷ್ಟೇ. ಪುಸ್ತಕದಲ್ಲಿ ಅದು ಒಂದು ಪಾರ್ಟಿಯಲ್ಲಿ ಕೈತಪ್ಪಿಹೋದ ಹುಡುಗಿಯ ಬಗ್ಗೆ ಪೇಚಾಟ, ಆಡಮ್ಸ್ ಅಷ್ಟಕ್ಕೇ ಬಿಟ್ಟಿದ್ದ. ಇಲ್ಲಿ ಅದನ್ನ ಎಳೆದೂ ಎಳೆದೂ ಮದುವೆ ಮನೆ ಹತ್ತಿರ ತಂದು ನಿಲ್ಲಿಸಿದಾರೆ.

ಆದರೆ ನಿನ್ನ ಮೆಸೇಜು ನೋಡಿ ನಿನ್ನೆ ನಾನೂ ಮತ್ತೆ ನೋಡಿದೆ ಕಣೋ. ಎಷ್ಟು ವರ್ಷ ಆಗಿತ್ತು! ವೋಗಾನ್‌ಗಳನ್ನ ಆಗ ನಾನು ಸರಿಯಾಗಿ ನೋಡೇ ಇರಲಿಲ್ಲ. ಜಿಮ್ ಹೆನ್ಸನ್ ಕಾರ್ಯಾಗಾರದವರು ಮಾಡಿದ ನಿಜವಾದ ಗೊಂಬೆಗಳು ಅವು, ಒಳಗೆ ಮನುಷ್ಯರು. ಆ ಜೋತುಬಿದ್ದ ಚರ್ಮ, ಎತ್ತಿದ ಹಣೆಯಿಂದ ನೇರ ಶುರುವಾಗೋ ಮೂಗು, ಅರ್ಜಿ ನಮೂನೆ ತಪ್ಪಾಗಿದೆ ಅಂದಾಗ ಮುಖದಲ್ಲಿ ಅರಳೋ ಸಂತೃಪ್ತಿ. ಯಾವುದೋ ಕೌಂಟರಿನ ಹಿಂದೆ ನೋಡಿದ ಮುಖವೇ. ಅವರ ಗ್ರಹದಲ್ಲಿ ಯಾರಿಗಾದರೂ ಒಂದು ಐಡಿಯಾ ಬಂದ ಕೂಡಲೇ ನೆಲದಿಂದ ಹಲಗೆ ಎದ್ದು ಮುಖಕ್ಕೆ ಪಟ್ ಅಂತ ಬಾರಿಸತ್ತಲ್ಲ, ನಿನ್ನ ಮಗಳು ಬಿದ್ದು ಬಿದ್ದು ನಕ್ಕಿದ್ದು ಅಲ್ಲೇ ಅಂದ್ಯಲ್ಲ? ನಾನೂ ನಕ್ಕೆ. ಅದು ಪುಸ್ತಕದಲ್ಲಿಲ್ಲ. ಇದು ಕಣ್ಣಿಗೆ ಮಾಡಿದ ಜೋಕು, ಚಿರತೆ ಕಿವಿಗೆ ಮಾಡಿದ್ದು. ರೇಡಿಯೋದಲ್ಲಿ ಹುಟ್ಟಿದ ಕಥೆಯಲ್ಲವಾ? ವಾಕ್ಯ ಕೊನೇ ಪದಕ್ಕೆ ಬರೋವರೆಗೂ ಅದರ ನಗು ಬಿಚ್ಚಿಕೊಳ್ಳೋದಿಲ್ಲ.

ಸದಾ ಬೇಸರದಲ್ಲಿರೋ ರೋಬೋ ಮಾರ್ವಿನ್ ಬಗ್ಗೆ ನಾನು ಆವತ್ತೂ ಚಕಾರ ಎತ್ತಿರಲಿಲ್ಲ. ಆ ದೊಡ್ಡ ತಲೆ ಹೊತ್ತು ನಡೆದವನು ವಾರ್ವಿಕ್ ಡೇವಿಸ್, ದನಿ ಅಲನ್ ರಿಕ್‌ಮನ್‌ನದು. ಬದುಕಿನ ಮೇಲಿನ ಜಿಗುಪ್ಸೆಯನ್ನ ಅಷ್ಟು ನಿಧಾನವಾಗಿ ಇನ್ಯಾರು ಹೇಳಬಲ್ಲರು?

ಮಗಳ ಜೊತೆ ಇನ್ನೊಂದು ಸಲ ನೋಡಿದರೆ, ವೋಗಾನ್ ಕಚೇರಿಯ ಕ್ಯೂ ಬಂದಾಗ ಸಿನಿಮಾ ನಿಲ್ಲಿಸಿ ನೋಡು. ಹಳೇ ಟಿವಿ ಧಾರಾವಾಹಿಯ ಡಬ್ಬದಂಥ ಮಾರ್ವಿನ್ ತನ್ನ ಸರದಿಗೆ ಕಾಯ್ತಾ ನಿಂತಿದಾನೆ. ಯಾರೂ ಅವನನ್ನ ಮಾತಾಡಿಸಲ್ಲ. ನಮ್ಮಂಥವರಿಗೆ ಅಂತಲೇ ಅಲ್ಲಿ ನಿಲ್ಲಿಸಿದಾರೆ. ಆಗ ನಾನು ಕೋಪದಲ್ಲಿ ಅದನ್ನೂ ಗಮನಿಸಿರಲಿಲ್ಲ ನೋಡು.

ಪುಸ್ತಕ ನಾಳೆ ಕೊರಿಯರ್ ಮಾಡ್ತೀನಿ, ಮಗಳಿಗೆ ಕೊಡು. ವಾರ್ಡನ್ ಕಿತ್ತು ಬಿಸಾಕಿದ್ದ ನಿನ್ನ ರಟ್ಟನ್ನ ಆವತ್ತೇ ಎತ್ತಿಟ್ಟುಕೊಂಡಿದ್ದೆ, ಇಷ್ಟು ವರ್ಷ ಅದೇ ಪುಸ್ತಕದೊಳಗಿತ್ತು. ಸ್ಕೆಚ್ ಪೆನ್ನಿನ ಕೆಂಪು ಮಾಸಿ ಗುಲಾಬಿಯಾಗಿದೆ. ಅದನ್ನ ನೀನು ತೆಗೆದಿಟ್ಟುಕೋ, ಏನೂ ಹೇಳಬೇಡ. ಅವಳು ಮೊದಲ ಅಧ್ಯಾಯ ಓದಿ ಮುಗಿಸಿದ ದಿನ ನಿಮ್ಮ ಮನೆ ಬಾತ್‌ರೂಮಿನ ಬಾಗಿಲಿಗೆ ಅಂಟಿಸು.

ನಿನ್ನ,
ಎರಡು ದಿನ ಮಾತು ಬಿಟ್ಟಿದ್ದ ರೂಮ್‌ಮೇಟ್