ಚರ್ಚಿಲ್ ಅವರ ಕುಂಚದ ಪರಿಚಯವೂ ಆಗಲಿ

ಮಾನ್ಯರೆ,

ವಿನ್‌ಸ್ಟನ್ ಚರ್ಚಿಲ್ ಅವರನ್ನು ಕುರಿತ ಲೇಖನಗಳು ಯುದ್ಧ ಮತ್ತು ಭಾಷಣಗಳ ವಿವರಗಳಲ್ಲೇ ಮುಗಿದುಹೋಗುವುದರಿಂದ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅವರ ಜೊತೆಗಿದ್ದ ಚಿತ್ರಕಲೆಯ ಹವ್ಯಾಸ ಬಹುಪಾಲು ಓದುಗರಿಗೆ ತಿಳಿಯದೇ ಉಳಿದಿದೆ. ಭಾರತದ ಬಗೆಗಿನ ಅವರ ಧೋರಣೆಯನ್ನು ನಾನು ಎಂದೂ ಒಪ್ಪಿದವನಲ್ಲ. ಆದರೂ ಈ ಮುಖವನ್ನು ಕಡೆಗಣಿಸುವುದು ಸರಿಯೆನಿಸುವುದಿಲ್ಲ.

1915ರಲ್ಲಿ, ಮೊದಲ ಮಹಾಯುದ್ಧದ ವೇಳೆ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಯನ್ನು ವಶಪಡಿಸಿಕೊಳ್ಳಲು ನಡೆಸಿದ ಕಾರ್ಯಾಚರಣೆ ವಿಫಲವಾಗಿ, ನೌಕಾ ಖಾತೆಯನ್ನು ಕಳೆದುಕೊಂಡು ಮನಸ್ಸು ಕುಗ್ಗಿಹೋಗಿದ್ದಾಗ, 40ರ ವಯಸ್ಸಿನಲ್ಲಿ ಮೊದಲ ಬಾರಿಗೆ ಕುಂಚ ಹಿಡಿದ ಅವರು ಮುಂದೆ 500ಕ್ಕೂ ಹೆಚ್ಚು ಚಿತ್ರಗಳನ್ನು ರಚಿಸಿದರು. ಅಧಿಕಾರ ಕೈತಪ್ಪಿದ ರಾಜಕಾರಣಿಯೊಬ್ಬರು ಸೇಡಿಗೆ ಬದಲಾಗಿ ಬಣ್ಣಗಳ ಮೊರೆ ಹೋದದ್ದು ನನ್ನನ್ನು ಬಹಳವಾಗಿ ಕಾಡುತ್ತದೆ. 1947ರಲ್ಲಿ ಅವರು ‘ಡೇವಿಡ್ ವಿಂಟರ್’ ಎಂಬ ಬೇರೆ ಹೆಸರಿನಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಗೆ ಕಳುಹಿಸಿದ ಎರಡು ಚಿತ್ರಗಳು ಪ್ರದರ್ಶನಕ್ಕೆ ಆಯ್ಕೆಯಾದವು ಎಂಬುದು ಅವರ ಶ್ರದ್ಧೆಗೆ ಸಾಕ್ಷಿ.

ಕೆಂಟ್ ಪ್ರಾಂತ್ಯದ ಚಾರ್ಟ್‌ವೆಲ್‌ನಲ್ಲಿರುವ ಅವರ ಚಿತ್ರಶಾಲೆ ಇಂದಿಗೂ ಸಾರ್ವಜನಿಕರಿಗೆ ತೆರೆದಿದೆ. ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅಲ್ಲಿನ ಕೆಲವು ಚಿತ್ರಗಳನ್ನು, ಅವು ರಚನೆಯಾದ ಸ್ಥಳ ಮತ್ತು ಸಂದರ್ಭದ ವಿವರಗಳೊಂದಿಗೆ ವರ್ಣದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ.